ಚಪ್ಪರ, ಅರಿಶಿಣ, ಬಳೆ, ಮದರಂಗಿ: ಯಾವುದು ಮೊದಲು? (ಮೂಡಿಗೆರೆ ಕಡೆ ಮನೆ, ಚಿಕ್ಕಮಗಳೂರಲ್ಲಿ ಛತ್ರ)

ತಂಗಿಮದುವೆ
ತಂಗಿ ಮದುವೆ ಮೇ ಎರಡನೇ ವಾರ. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಿಗ್ಗೆ ಧಾರೆ, ಎರಡೂ ಚಿಕ್ಕಮಗಳೂರಿನ ಛತ್ರದಲ್ಲಿ. ಅದರ ಚಿಂತೆ ಇಲ್ಲ, ಅಡುಗೆ ಕಂಟ್ರಾಕ್ಟು, ಅಲಂಕಾರ ಎಲ್ಲ ಮಾತಾಗಿದೆ. ತಲೆಬಿಸಿ ಇರೋದು ಗುರುವಾರ, ಶುಕ್ರವಾರ ಮನೆಯಲ್ಲಿ ನಡೆಯೋದರದ್ದು. ಶುಕ್ರವಾರ ಮಧ್ಯಾಹ್ನ ಊಟಕ್ಕೆ 120 ಜನ. ಬೆಂಗಳೂರಿಂದ ಬರೋ ಸ್ನೇಹಿತರು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಸೇರಿ 30 ಜನ ಗುರುವಾರವೇ ಬಂದು ಉಳೀತಾರೆ. ಚಪ್ಪರ ಹಾಕೋದು ಕಾಫಿ ಕಣದಲ್ಲಿ, ಮನೆ ಮುಂದೆ ಬೇರೆ ಜಾಗ ಇಲ್ಲ. ಕಣ ಸಿಮೆಂಟಿಂದು.

ಈಗ ಬರೆದುಕೊಂಡಿರೋದು ಹೀಗೆ: ಶುಕ್ರವಾರ ಬೆಳಿಗ್ಗೆ 9ಕ್ಕೆ ಚಪ್ಪರ ಪೂಜೆ, 11ಕ್ಕೆ ಎಣ್ಣೆ ಅರಿಶಿಣ, ಊಟ, 3ಕ್ಕೆ ಬಳೆ ಶಾಸ್ತ್ರ, 5ಕ್ಕೆ ಎಲ್ಲರಿಗೂ ಮದರಂಗಿ, ರಾತ್ರಿ ಡಿಜೆ. ಸರಿ ಇದೆಯಾ? ಹಿರಿಯರು ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ.

ಬಳೆಪೆಟ್ಟಿಗೆ
ಮದರಂಗಿ ಕೊನೆಗೆ ಇಟ್ಟಿದ್ದೀರಲ್ಲ, ಅಲ್ಲೇ ತಪ್ಪಿರೋದು. ಎಣ್ಣೆ ಅರಿಶಿಣ ಹಚ್ಚಿದ ಕೈಗೆ ಮದರಂಗಿ ಹಿಡಿಯಲ್ಲ. ಎಷ್ಟು ಸೀಗೆಪುಡಿ ಹಾಕಿ ತೊಳೆದರೂ ಚರ್ಮದ ಮೇಲೆ ಎಣ್ಣೆ ಜಿಡ್ಡು ತೆಳ್ಳಗೆ ಉಳಿದಿರುತ್ತೆ, ಬಣ್ಣ ಒಳಗೆ ಇಳಿಯೋಕೆ ಅದು ಬಿಡಲ್ಲ. ಕಿತ್ತಳೆ ಬಣ್ಣಕ್ಕೆ ನಿಂತುಬಿಡುತ್ತೆ.

ಇನ್ನೊಂದು, ಮದರಂಗಿ ಕಿತ್ತ ತಕ್ಷಣ ಕೆಂಪಾಗಿರಲ್ಲ. ಕಿತ್ತಾಗ ಕಿತ್ತಳೆ, ಒಂದು ದಿನಕ್ಕೆ ಕೆಂಪು, ಎರಡು ದಿನಕ್ಕೆ ಗಾಢ ಕಂದುಗೆಂಪು. ಶುಕ್ರವಾರ ಸಂಜೆ ಹಾಕಿಸಿದರೆ ಶನಿವಾರ ಆರತಕ್ಷತೆ ಫೋಟೋದಲ್ಲಿ ಅರ್ಧ ಬಣ್ಣ. ಭಾನುವಾರ ಧಾರೆ ಹೊತ್ತಿಗೆ ಪೂರ್ತಿ ಬಣ್ಣ ಬೇಕು ಅಂದರೆ ಗುರುವಾರ ಮಧ್ಯಾಹ್ನದಿಂದಲೇ ಮದುಮಗಳನ್ನ ಕೂರಿಸಿ. ಎರಡೂ ಕೈಗೆ, ಒಳಗೆ ಹೊರಗೆ, ಮೊಣಕೈವರೆಗೆ ತುಂಬು ಚಿತ್ತಾರ ಅಂದರೆ ನಾಲ್ಕರಿಂದ ಆರು ಗಂಟೆ ಬೇಕು. ಕೂರೋ ಮೊದಲು ಊಟ, ತಲೆ ಬಾಚೋದು, ಬಟ್ಟೆ ಬದಲಾಯಿಸೋದು ಎಲ್ಲ ಮುಗಿದಿರಲಿ. ಮುಂದೆ ಗುಂಡಿ ಇರೋ ಅಂಗಿ ಹಾಕಿಸಿ. ತಲೆ ಮೇಲಿಂದ ತೆಗೆಯೋ ಬಟ್ಟೆ ಹಾಕಿಕೊಂಡರೆ ರಾತ್ರಿ ಗೊತ್ತಾಗುತ್ತೆ.

ಬೇರೆಯವರಿಗೆ ಒಂದು ಅಂಗೈಗೆ ಸರಳ ಬಳ್ಳಿ ಅಂದರೆ ಹತ್ತು ನಿಮಿಷ. 30 ಹೆಣ್ಣುಮಕ್ಕಳಿಗೆ ಒಬ್ಬಳೇ ಹಾಕಿದರೆ ಐದು ಗಂಟೆ. ಮದುಮಗಳಿಗೆ ಒಬ್ಬಳು, ಉಳಿದವರಿಗೆ ಇಬ್ಬರು ಇರಲಿ.

ಕೋನ್ ತರುವಾಗ ಫ್ರಿಜ್ಜಲ್ಲಿ ಇಟ್ಟಿರೋದನ್ನೇ ಕೇಳಿ. ಸೊಪ್ಪಿನ ಪುಡಿಯಿಂದ ಕಲಸಿದ ಮದರಂಗಿ ಹೊರಗೆ ಇಟ್ಟರೆ ನಾಲ್ಕೈದು ದಿನಕ್ಕೆ ಕಸುವು ಕಳ್ಕೊಳ್ಳುತ್ತೆ. ಅಂಗಡಿಯಲ್ಲಿ ತಿಂಗಳುಗಟ್ಟಲೆ ನೇತುಹಾಕಿದ್ದು ಹತ್ತೇ ನಿಮಿಷಕ್ಕೆ ಬಣ್ಣ ಬಿಡುತ್ತೆ ಅಂದರೆ ಅದು ಸೊಪ್ಪಿನ ಬಣ್ಣ ಅಲ್ಲ. 'ಕಪ್ಪು ಮದರಂಗಿ' ಅಂತೂ ಬೇಡವೇ ಬೇಡ. ಅದರಲ್ಲಿ ಕೂದಲಿಗೆ ಹಾಕೋ ಬಣ್ಣದ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತೆ, ಬೊಬ್ಬೆ ಏಳುತ್ತೆ, ಎಷ್ಟೋ ಜನರಿಗೆ ಕಲೆ ಉಳಿಯುತ್ತೆ.

ಹಾಲುಕಂಬ
ಅಕ್ಕ ಹೇಳಿದ್ದು ಸರಿ. ಗುರುವಾರ ಮದರಂಗಿ, ಶುಕ್ರವಾರ ಚಪ್ಪರ. ಆದರೆ ಚಪ್ಪರದ ದಿನದ ಒಳಗಿನ ಕ್ರಮ ಒಕ್ಕಲಿಗೊಂದು ಥರ. ಮನೆಯ ಹಿರಿ ಹೆಂಗಸರನ್ನ ಕೇಳಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ನಮ್ಮ ಭಾಗದ ಒಕ್ಕಲಿಗರ ಮನೆಗಳಲ್ಲಿ ಸಾಮಾನ್ಯವಾಗಿ ಹೀಗೆ ನಡೆಯುತ್ತೆ:

ಬೆಳಿಗ್ಗೆ ಮನೆದೇವರಿಗೆ ಕಾಯಿ ಒಡೆದು, ಚಪ್ಪರದ ಹಾಲುಕಂಬ ನೆಡೋದು. ಅತ್ತಿ, ಆಲ, ಬಸರಿ, ಹೀಗೆ ಹಾಲು ಬರುವ ಮರದ ಕೊಂಬೆ ಆಗಬೇಕು. ತೋಳಿನಷ್ಟು ದಪ್ಪ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ. ಕಂಬಕ್ಕೆ ಅರಿಶಿಣ ಬಳಿದು, ತುದಿಗೆ ಮಾವಿನ ಸೊಪ್ಪು, ಅರಿಶಿಣದ ಬಟ್ಟೆಯಲ್ಲಿ ಕಟ್ಟಿದ ನವಧಾನ್ಯ. ಗುಂಡಿಗೆ ಹಾಲು ತುಪ್ಪ ಬಿಟ್ಟು ಐದು ಜನ ಮುತ್ತೈದೆಯರು, ಸೋದರಮಾವ ಕೈ ಹಾಕಿ ನಿಲ್ಲಿಸ್ತಾರೆ. ಆಮೇಲೆ ಒಳಕಲ್ಲಿಗೆ ಪೂಜೆ. ಒನಕೆಗೆ ಅರಿಶಿಣದ ಕೊಂಬು ಕಟ್ಟಿ, ಐದು ಜನ ಅರಿಶಿಣ ಕುಟ್ಟೋದು. ಆ ಅರಿಶಿಣವೇ ಮೊದಲು ಮೈಗೆ ಹತ್ತಬೇಕು, ಪ್ಯಾಕೆಟ್ಟಿಂದು ಆಮೇಲೆ. ಅರಿವೇಣಿ (ಶಾಸ್ತ್ರಕ್ಕೆ ಬಣ್ಣ ಬಳಿದ ಮಡಕೆ) ತರೋದಿದ್ದರೆ ಕುಂಬಾರರಿಗೆ ಒಂದು ತಿಂಗಳು ಮುಂಚೆ ಹೇಳಿ. ಮೇ ತಿಂಗಳಲ್ಲಿ ಅವರಿಗೂ ಬಿಡುವಿರಲ್ಲ, ಒಣಗದ ಮಡಕೆಗೆ ಸುಣ್ಣ ಬಣ್ಣ ಬಳಿದು ಕೊಟ್ಟರೆ ನೀರು ತುಂಬಿದ ಮೇಲೆ ಸೀಳು ಬಿಡುತ್ತೆ.

ಕಣ ಸಿಮೆಂಟು ಅಂದ್ರಲ್ಲ, ಹಾಲುಕಂಬಕ್ಕೆ ಅಂತ ಕಣ ಅಗೆಯೋದು ಬೇಡ. ಈಶಾನ್ಯದ ಅಂಚಲ್ಲಿ ಮಣ್ಣು ಸಿಕ್ಕೇ ಸಿಗುತ್ತೆ, ಅಲ್ಲಿಗೆ ಚಪ್ಪರದ ಮೂಲೆ ಬರೋ ಹಾಗೆ ನೋಡಿಕೊಳ್ಳಿ.

ತಂಗಿಮದುವೆ
ಮದರಂಗಿ ಗುರುವಾರ ಸಂಜೆ ಆದರೆ ಶುಕ್ರವಾರ 11ಕ್ಕೆ ಅರಿಶಿಣ. ಬಣ್ಣ ಹೋಗಲ್ವಾ? ಅರಿಶಿಣ ಸಂಜೆಗೆ ಹಾಕೋಣವಾ?

ಬಳೆಪೆಟ್ಟಿಗೆ
ಸಂಜೆಗೆ ಬೇಡ, ಮೇ ತಿಂಗಳ ನಾಲ್ಕು ಗಂಟೆ ಮೇಲೆ ಮಳೆರಾಯ ಯಾರ ಮಾತೂ ಕೇಳಲ್ಲ. 11ಕ್ಕೇ ಇರಲಿ. ಮದರಂಗಿ ಆರರಿಂದ ಎಂಟು ಗಂಟೆ ಕೈಮೇಲಿರಬೇಕು. ಒಣಗಿ ಉದುರೋಕೆ ಶುರುವಾದಾಗ ನಿಂಬೆರಸ ಸಕ್ಕರೆ ಹತ್ತಿಯಲ್ಲಿ ಮುಟ್ಟಿಸಿ. ಅದು ಹಿಡಿದುಕೊಂಡಿರಲಿ ಅಂತ ಅಷ್ಟೇ, ಸುರಿದರೆ ಚಿತ್ತಾರ ಹರಡುತ್ತೆ. ಬೆಳಿಗ್ಗೆ ನೀರು ಮುಟ್ಟಿಸದೆ ಬೆಣ್ಣೆ ಚಾಕುವಿನ ಹಿಂಬದಿಯಿಂದ ಕೆರೆದು ತೆಗೆಯಿರಿ. ತೆಗೆದ ಮೇಲೆ ಕಾದ ಹಂಚಿಗೆ ಏಳೆಂಟು ಲವಂಗ ಹಾಕಿ ಹೊಗೆಗೆ ಕೈ ಹಿಡಿಯೋದು ಬಿಸಿಗೋಸ್ಕರ. ಬಣ್ಣ ಏರೋಕೆ ಮೈಶಾಖ ಬೇಕು, ತಣ್ಣಗಿನ ಕೈಯಲ್ಲಿ ಬಣ್ಣ ಬರೋದು ನಿಧಾನ.

ಮದರಂಗಿ ಕಿತ್ತ ಮೇಲೆ ಎಣ್ಣೆ ತೊಂದರೆ ಮಾಡಲ್ಲ, ಒಳ್ಳೆಯದೇ. ಕೈಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ ಹಸೆಮಣೆ ಮೇಲೆ ಕೂರಿಸಿ. ತೊಂದರೆ ಆಗೋದು ಅರಿಶಿಣದ ಜೊತೆ ಕಡಲೆಹಿಟ್ಟು ಸೇರಿಸಿ ಉಜ್ಜೋದರಿಂದ, ಆಮೇಲೆ ಸೋಪು ನೀರಿಂದ. ಹಾಗಾಗಿ ಅರಿಶಿಣ ಕೆನ್ನೆ, ಭುಜ, ಪಾದಕ್ಕೆ ಮಾತ್ರ, ಮೊಣಕೈಯಿಂದ ಕೆಳಗೆ ಮುಟ್ಟಬಾರದು. ಇದನ್ನ ಒಬ್ಬ ಗಟ್ಟಿ ಗಂಟಲಿನ ಅತ್ತೆಗೆ ವಹಿಸಿ. ಸ್ನೇಹಿತೆಯರು ಕೇಳೋದು ಅವರ ಮಾತು ಮಾತ್ರ.

ಈಗ ಬಳೆ. ಬಳೆಗಾರರು ತೊಡಿಸೋವಾಗ ಸೋಪು ನೀರು ಬಳಸ್ತಾರೆ, ಮದುಮಗಳ ಕೈಗೆ ಅದು ಬೇಡ ಅಂತ ಮೊದಲೇ ಹೇಳಿ. ತೆಳ್ಳಗಿನ ಪ್ಲಾಸ್ಟಿಕ್ ಕವರು ಕೈಗೆ ಹಾಕಿ ಅದರ ಮೇಲಿಂದ ಬಳೆ ಜಾರಿಸಿದರೆ ಗೆಣ್ಣು ದಾಟುತ್ತೆ, ಆಮೇಲೆ ಕವರು ಎಳೆದುಬಿಡೋದು. ಮದರಂಗಿಗೂ ಏನೂ ಆಗಲ್ಲ, ಗಾಜೂ ಚುಚ್ಚಲ್ಲ.

ಅಳತೆಯ ಲೆಕ್ಕ ಬಹಳ ಜನಕ್ಕೆ ಗೊಂದಲ. 2.4 ಅಂದರೆ ಎರಡು ಇಂಚು ಮತ್ತು ಹದಿನಾರನೇ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚು ಒಳವ್ಯಾಸ, 57 ಮಿ.ಮೀ. 2.6 ಅಂದರೆ 60, 2.8 ಅಂದರೆ ಎರಡೂವರೆ ಇಂಚು, 63.5 ಮಿ.ಮೀ. 2.10 ಅನ್ನೋದು 2.8ಕ್ಕಿಂತ ದೊಡ್ಡದು, ಚಿಕ್ಕದಲ್ಲ. ಫೋನಲ್ಲಿ ಆರ್ಡರ್ ಹೇಳೋವಾಗ ಇದೇ ಎಡವಟ್ಟಾಗೋದು. ಈಗಿರೋ ಬಳೆಯ ಒಳಗಿನ ಅಡ್ಡಳತೆ ಸ್ಕೇಲಲ್ಲಿ ನೋಡಿ, ಹೊರಗಿಂದು ಬೇಡ. 40 ಹೆಂಗಸರಿಗೆ ತರೋದಾದರೆ ಅರ್ಧಕ್ಕರ್ಧ 2.6 ಇರಲಿ, ಉಳಿದದ್ದರಲ್ಲಿ 2.4 ಮತ್ತು 2.8 ಹೆಚ್ಚು, 2.10 ನಾಲ್ಕೈದು ಡಜನ್. ಸಣ್ಣ ಮಕ್ಕಳಿಗೆ 1.12ರಿಂದ 2.2ರವರೆಗೆ ಸ್ವಲ್ಪ ಸ್ವಲ್ಪ. ಒಡೆಯೋದಕ್ಕೆ ಅಂತ ಹತ್ತಕ್ಕೊಂದು ಹೆಚ್ಚು. ಸಂಜೆ ಹೊತ್ತಿಗೆ, ಅದೂ ಬೇಸಗೆಯಲ್ಲಿ, ಕೈ ಸ್ವಲ್ಪ ಊದಿರುತ್ತೆ. ಊಟಕ್ಕೆ ಮುಂಚೆ ತೊಡಿಸಿದರೆ ಸುಲಭ.

ಕಣದಂಚು
ಕಣದ ಚಪ್ಪರದ ಬಗ್ಗೆ. ಮೊದಲು ಕಣ ಖಾಲಿ ಇದೆಯಾ ನೋಡಿ. ಅರೇಬಿಕಾ ಜನವರಿಗೆ ಮುಗಿದಿರುತ್ತೆ, ರೊಬಸ್ಟಾ ಚೆರ್ರಿ ಮಾರ್ಚ್‌ವರೆಗೂ ಒಣಗ್ತಾ ಇರುತ್ತೆ. ಮೇಗೆ ತೊಂದರೆ ಇರಲಾರದು, ಮೆಣಸು ಹರವಿದ್ದರೆ ಮಾತ್ರ ಎತ್ತಿಸಬೇಕು.

ಜಾಗದ ಲೆಕ್ಕ: 120 ಜನಕ್ಕೆ 60ರಂತೆ ಎರಡು ಪಂಕ್ತಿ. ಆರಡಿ ಮೇಜಿಗೆ ಮೂರು ಎಲೆ. 60 ಎಲೆಗೆ 20 ಮೇಜು, ಐದೈದರ ನಾಲ್ಕು ಸಾಲು. ಒಂದು ಸಾಲಿಗೆ ಮೇಜು ಒಂದೂವರೆ ಅಡಿ, ಕುರ್ಚಿಗೆ ಎರಡೂವರೆ, ಬಡಿಸೋರು ಓಡಾಡೋಕೆ ಮೂರು, ಒಟ್ಟು ಏಳಡಿ. ಅಂದರೆ 30 ಅಡಿಗೆ 28 ಅಡಿ. 30x30 ಚಪ್ಪರ ಊಟಕ್ಕೆ ಸಾಕು. ಶಾಸ್ತ್ರಕ್ಕೆ ಜಗಲಿ ಬಳಸಿ, ಚಪ್ಪರದಲ್ಲೇ ಎರಡನ್ನೂ ಮಾಡೋಕೆ ಹೋದರೆ ಅರಿಶಿಣದ ನೀರಲ್ಲಿ ಕುರ್ಚಿ ಎಳೆದಾಡಬೇಕಾಗುತ್ತೆ.

ಹತ್ತಡಿಗೊಂದು ಕಂಬ ಅಂದರೆ 16 ಕಂಬ. ಮಣ್ಣಲ್ಲಾದರೆ ಎರಡಡಿ ಹೂಳಿದರೆ ಆಯ್ತು. ಸಿಮೆಂಟ್ ಕಣದಲ್ಲಿ 20 ಲೀಟರಿನ ಬಣ್ಣದ ಬಕೆಟ್ಟಿಗೆ ಕಂಬ ನಿಲ್ಲಿಸಿ ಮರಳು ತುಂಬ್ತಾರೆ, ಅದು 30 ಕೆಜಿ ಚಿಲ್ಲರೆ ತೂಗುತ್ತೆ. ಕಾಂಕ್ರೀಟ್ ತುಂಬಿದರೆ 45ರ ಮೇಲೆ. ಮಧ್ಯದ ನಾಲ್ಕಕ್ಕೆ ಮರಳು ನಡೆಯುತ್ತೆ, ಅಂಚಿನ ಹನ್ನೆರಡಕ್ಕೆ ಕಾಂಕ್ರೀಟೇ ಆಗಬೇಕು, ಅದೂ ನಾಲ್ಕು ದಿನ ಮುಂಚೆ ಹಾಕಿ ಗಟ್ಟಿಯಾಗಿರಬೇಕು. ಅಷ್ಟಾದರೂ ಭಾರವೊಂದೇ ಸಾಲದು. ಮಳೆಗೆ ಮುಂಚೆ ಬರೋ ಗಾಳಿ ಟಾರ್ಪಾಲಿನ ಅಡಿಗೆ ನುಗ್ಗಿ ಮೇಲಕ್ಕೆ ಎತ್ತುತ್ತೆ. ನಾಲ್ಕು ಮೂಲೆಯಿಂದ ಕಣದಾಚೆಯ ಸಿಲ್ವರ್ ಓಕಿಗೆ ಹಗ್ಗ ಎಳೆದು ಕಟ್ಟಿ. ಹಗ್ಗಕ್ಕೆ ಒಂದೊಂದು ಬಿಳಿ ಬಟ್ಟೆ ನೇತುಹಾಕಿ, ಕತ್ತಲಲ್ಲಿ ಕಾಲಿಗೆ ಸಿಗುತ್ತೆ.

ಟಾರ್ಪಾಲು ಚಪ್ಪಟೆ ಹಾಸಬೇಡಿ. ನಡು ಸಾಲಿನ ಕಂಬಗಳು ಅಂಚಿಗಿಂತ ಮೂರಡಿ ಎತ್ತರ ಇರಲಿ. ಚಪ್ಪಟೆ ಹಾಸಿದರೆ ನಡುವೆ ನೀರು ನಿಂತು ಹೊಟ್ಟೆ ಬಿಡುತ್ತೆ. ಹತ್ತಡಿ ಚೌಕದಲ್ಲಿ ಎರಡಿಂಚು ನೀರು ನಿಂತರೂ 450 ಕೆಜಿ ಮೇಲೆ. ಕೆಳಗೆ ಎಲೆ ಹಾಕಿರುತ್ತೆ. ಟಾರ್ಪಾಲು ಹಾಸಿ, ಅದರ ಕೆಳಗೆ ಅಡಿಕೆ ದಬ್ಬೆಗೆ ಹೆಣೆದ ತೆಂಗಿನ ಗರಿ ಕಟ್ಟಿದರೆ ನೋಡೋಕೂ ಚಪ್ಪರ, ನೀರೂ ಸೋರಲ್ಲ. ನಾಲ್ಕು ಮೂಲೆಗೆ ಮಾವಿನ ಸೊಪ್ಪು, ಬಾಗಿಲಿಗೆ ಬಾಳೆಕಂದು.

ಆಲೂರಿನವ
ಬಾಳೆಕಂದಿನ ವಿಷಯ ಒಂದು ನಿಮಿಷ. ಆಲೂರು, ಸಕಲೇಶಪುರ, ಮೂಡಿಗೆರೆ ಈ ಪಟ್ಟಿಯಲ್ಲಿ ಆನೆ ಓಡಾಟ ಇರೋ ಊರಾದರೆ ಗೊನೆ ಸಮೇತ ಬಾಳೆಕಂದು ಗುರುವಾರ ರಾತ್ರಿಯೇ ಕಟ್ಟಬೇಡಿ. ಬೆಳಿಗ್ಗೆ ಕಟ್ಟಿ, ಸಂಜೆ ಬಿಚ್ಚಿ ಒಳಗೆ ಹಾಕಿ. ಹಲಸಿನ ಹಣ್ಣು ಬಿಡಿಸಿದ ಸಿಪ್ಪೆ, ಉಂಡ ಬಾಳೆ ಎಲೆ ಕಣದಂಚಿಗೆ ಎಸೆಯೋದೂ ಅಷ್ಟೇ, ಕರೆದು ಬಡಿಸಿದ ಹಾಗೆ. ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಆನೆ ಎಲ್ಲಿದೆ ಅಂತ ತಿಳಿಸೋ ಊರ ವಾಟ್ಸಾಪ್ ಗುಂಪಿಗೆ ಮನೆಯ ಇಬ್ಬರಾದರೂ ಸೇರಿಕೊಳ್ಳಿ. ಬೆಂಗಳೂರಿನ ಹುಡುಗರು ಊಟ ಆದ ಮೇಲೆ ತೋಟದ ರಸ್ತೆಯಲ್ಲಿ ನಡ್ಕೊಂಡು ಬರ್ತೀವಿ ಅಂತಾರೆ, ಬಿಡಬೇಡಿ. ಹೋಂಸ್ಟೇಗೆ ಬಿಡೋ ಗಾಡಿ ಹೊರಟರೆ ಎಲ್ಲರೂ ಒಟ್ಟಿಗೆ ಹೊರಡಲಿ.

ವೈರ್‌ಮನ್
ಕರೆಂಟು. ತೋಟದ ಮನೆಯ ಒಂದೇ ಮೀಟರಿಗೆ ಎಲ್ಲ ಸೇರಿಸಿದರೆ ಅರಿಶಿಣದ ಹೊತ್ತಿಗೆ ಫ್ಯೂಸ್ ಹೋಗುತ್ತೆ, ಯಾಕಂದ್ರೆ ಆಗಲೇ 30 ಜನ ಗೀಸರ್ ಹಾಕಿರ್ತಾರೆ. ಲೆಕ್ಕ ಹಾಕಿ: ಗೀಸರ್ ಒಂದಕ್ಕೇ 2 ಕಿಲೋವ್ಯಾಟ್, ಒಂದು ಎಚ್‌ಪಿ ರುಬ್ಬೋ ಯಂತ್ರ 750 ವ್ಯಾಟ್, ನೀರಿನ ಮೋಟಾರ್ ಇನ್ನೊಂದು 750. ಎಂಟು ಎಲ್‌ಇಡಿ ಫ್ಲಡ್ ಲೈಟು 400 ವ್ಯಾಟ್ ಅಷ್ಟೇ, ದೀಪದಿಂದ ತೊಂದರೆ ಇಲ್ಲ. ಸೌಂಡಿನವರು ಎಷ್ಟು ಹೇಳ್ತಾರೋ ಅದಕ್ಕೆ ಬೇರೆ ಜನರೇಟರ್ ತರಲಿ. ತಾತ್ಕಾಲಿಕ ಸಂಪರ್ಕ ಬೇಕಾದರೆ ಮೂಡಿಗೆರೆ ಕಡೆಗೆ ಮೆಸ್ಕಾಂ, ಸಕಲೇಶಪುರ ಹಾಸನದ ಕಡೆಯವರಿಗೆ ಸೆಸ್ಕ್. ಹತ್ತು ಹದಿನೈದು ದಿನ ಮುಂಚೆ ಕೇಳಿ.

ಸೀರಿಯಲ್ ಸೆಟ್ಟನ್ನು ಹಸಿ ಗರಿಗೆ ಸುತ್ತೋರು ಬಹಳ. ಮಳೆ ಬಂದ ಮೇಲೆ ಗರಿ, ಒದ್ದೆ ಕಂಬ, ಬರಿಗಾಲು, ಎಲ್ಲ ಕೂಡಿದರೆ ಶಾಕ್. ಚಪ್ಪರಕ್ಕೆ ಹೋಗೋ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯೋ ಸ್ವಿಚ್ಚು) ಹಾಕಿಸಿ, ಜಾಯಿಂಟು ಒಂದೂ ನೆಲದ ಮೇಲೆ ಇರಬಾರದು. ಕಬ್ಬಿಣದ ಕಂಬಕ್ಕೆ ವೈರ್ ಸುತ್ತೋದೂ ಬೇಡ.

ಡಿಜೆ ಅಂದ್ರಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಕುಣಿಯೋದನ್ನ 7ಕ್ಕೆ ಶುರು ಮಾಡಿ.

ಸೋಬಾನೆ
ಡಿಜೆಗೆ ಮೂರು ಗಂಟೆ ಕೊಡ್ತೀರಿ, ಹಸೆಗೆ ಕರೆಯೋ ಹೊತ್ತಲ್ಲಿ ಸೋಬಾನೆ ಹೇಳೋರಿಗೆ ಮೈಕೂ ಇರಲ್ಲ. ಊರಲ್ಲಿ ಪದ ಬರೋ ಹೆಂಗಸರು ಮೂರೋ ನಾಲ್ಕೋ ಉಳಿದಿರ್ತಾರೆ. ಮುಂಚೆಯೇ ಎಲೆ ಅಡಿಕೆ ಕೊಟ್ಟು ಕರೆದು, ಹಸೆಮಣೆ ಪಕ್ಕವೇ ಚಾಪೆ ಹಾಸಿ ಕೂರಿಸಿ. ಒಬ್ಬರು ಹೇಳಿ ಉಳಿದವರು ಸೊಲ್ಲು ಹಿಡಿಯೋದು ಕ್ರಮ. ಹಾಗಾಗಿ ಒಂದು ಮೈಕ್ ಮುಂದಾಳಿಗೆ, ಇನ್ನೊಂದು ಉಳಿದವರ ನಡುವೆ. ಅರಿಶಿಣದ ಪದ, ಬಳೆ ಪದ, ಎಣ್ಣೆ ಪದ ಬೇರೆ ಬೇರೆ ಇರುತ್ತೆ. ಫೋಟೋಗ್ರಾಫರ್ 'ಇನ್ನೊಂದ್ಸಲ ಹಚ್ಚಿ' ಅಂದಾಗಲೆಲ್ಲ ಪದ ತುಂಡಾಗುತ್ತೆ. ಶಾಸ್ತ್ರ ಮುಗಿಯೋವರೆಗೆ ಅವರು ಏನೂ ಹೇಳಬಾರದು, ಆಮೇಲೆ ಸ್ನೇಹಿತರ ಜೊತೆ ಬೇಕಾದಷ್ಟು ತೆಗೀಲಿ.

ಶೃಂಗೇರಿ ಕಡೆ
ನಮ್ಮಲ್ಲಿ ನಾಂದಿ ಆದ ಮೇಲೆ ಮದುಮಕ್ಕಳನ್ನ ಊರು ಬಿಟ್ಟು ಕಳಿಸಲ್ಲ. ನಿಮ್ಮಲ್ಲೂ ಚಪ್ಪರ, ಅರಿಶಿಣ ಆದ ಮೇಲೆ ಹಾಗೇ ಇರಬಹುದು. ಸ್ನೇಹಿತರು ಶನಿವಾರ ಬೆಳಿಗ್ಗೆ ಮುಳ್ಳಯ್ಯನಗಿರಿಗೆ ಹೋಗೋಣ ಅಂತ ಮದುಮಗಳನ್ನೂ ಎಬ್ಬಿಸಿಕೊಂಡು ಹೊರಡೋ ಸಾಧ್ಯತೆ ಇದೆ, ಮೊದಲೇ ಹೇಳಿಬಿಡಿ. ವಾರಾಂತ್ಯ ಗಿರಿ ರಸ್ತೆಯಲ್ಲಿ ಸಿಕ್ಕಿಕೊಂಡರೆ ಆರತಕ್ಷತೆಗೆ ಗೆಳತಿಯರೂ ಇರಲ್ಲ.

ಅಡುಗೆಲೆಕ್ಕ
ಊಟಕ್ಕೆ ಬರ್ತೀನಿ. ಚಪ್ಪರದ ದಿನ ದೇವರೂಟ, ಹಾಗಾಗಿ ಸಸ್ಯಾಹಾರ ಅಂದುಕೊಂಡಿದ್ದೀನಿ. ಬಾಡೂಟ ಬೀಗರೂಟದ ದಿನಕ್ಕೆ ಇರಲಿ.

120 ಜನಕ್ಕೆ ಒಬ್ಬಟ್ಟು ಮಾಡಿಸೋದಾದರೆ ತಲಾ ಎರಡು, ಮನೆಗೆ ಕೊಟ್ಟು ಕಳಿಸೋಕೆ 60, ಒಟ್ಟು 300. ಹೂರಣದ ಉಂಡೆ 70 ಗ್ರಾಮ್ ಅಂತ ಹಿಡಿದರೆ 21 ಕೆಜಿ ಹೂರಣ ಬೇಕು. ತೊಗರಿಬೇಳೆ 7 ಕೆಜಿ ಬೆಂದು ಬಸಿದರೆ 14 ಆಗುತ್ತೆ, ಬೆಲ್ಲ 7. ಕಣಕಕ್ಕೆ ಮೈದಾ ಚಿರೋಟಿ ರವೆ ಸೇರಿ ಐದೂವರೆ ಕೆಜಿ. ಎಣ್ಣೆ ಹಾಕಿ ನಾದಿ ಮೂರು ಗಂಟೆ ನೆನೆಯಬೇಕು. ಎರಡು ಹಂಚು ಇಟ್ಟು ಗಂಟೆಗೆ 60 ಬೇಯಿಸಿದರೂ ಐದು ಗಂಟೆ ಕೆಲಸ. ಅಂದರೆ ಒಂದು ಗಂಟೆಯ ಊಟಕ್ಕೆ ಬೆಳಿಗ್ಗೆ ಏಳಕ್ಕೇ ಹಂಚು ಕಾಯಬೇಕು, ಹೂರಣ ಹಿಂದಿನ ರಾತ್ರಿಯೇ ರುಬ್ಬಿ ಆರಿರಬೇಕು. ಬಿಸಿ ಹೂರಣವನ್ನ ಮುಚ್ಚಿಟ್ಟರೆ ಮೇ ಸೆಖೆಗೆ ಬೆಳಗಾಗೋದರೊಳಗೆ ಹುಳಿ ವಾಸನೆ ಬರುತ್ತೆ. ಅಗಲ ತಟ್ಟೆಗೆ ಹರವಿ, ತೆಳು ಬಟ್ಟೆ ಮುಚ್ಚಿ.

ಒಬ್ಬಟ್ಟು ಹರಿಯೋದಕ್ಕೆ ಎರಡೇ ಕಾರಣ. ಬೇಳೆ ಅತಿಯಾಗಿ ಬೆಂದು ಹೂರಣ ನೀರಾಗಿರೋದು, ಇಲ್ಲವೇ ಕಣಕ ಹೂರಣಕ್ಕಿಂತ ಗಟ್ಟಿಯಾಗಿರೋದು. ಬೇಳೆಯನ್ನ ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ಬೇಳೆಯ ಆಕಾರ ಉಳಿದಿರಬೇಕು. ಆಗಲೇ ಬಸಿಯೋದು. ನೀರಾಗಿದ್ದರೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿ ಗಟ್ಟಿ ಮಾಡಿ. ಹಿಟ್ಟು ಬೆರೆಸೋಕೆ ಹೋಗಬೇಡಿ, ರುಚಿ ಕೆಡುತ್ತೆ. ಬಸಿದ ಕಟ್ಟು ಚೆಲ್ಲಬೇಡಿ, ಒಬ್ಬಟ್ಟಿನ ಸಾರು ಅದರಲ್ಲೇ.

ಉಳಿದದ್ದು: ಅಕ್ಕಿ 12 ಕೆಜಿ, ಹುಳಿಗೆ ತೊಗರಿಬೇಳೆ 3 ಕೆಜಿ, ಬೀನ್ಸ್ ಪಲ್ಯಕ್ಕೆ 9, ಆಲೂಗಡ್ಡೆ ಪಲ್ಯ ಬೇಕಾದರೆ 10 (ಹಾಸನ ಕಡೆ ಆಲೂಗಡ್ಡೆ ಇಲ್ಲದ ಊಟ ಊಟ ಅಂತ ಯಾರೂ ಒಪ್ಪಲ್ಲ), ಕೋಸಂಬರಿಗೆ ಹೆಸರುಬೇಳೆ ಒಂದೂವರೆ, ತೆಂಗಿನಕಾಯಿ 30, ಮೊಸರು 15 ಲೀಟರ್, ಎಲೆ 150. ಕಾಯಿ ಅರಸೀಕೆರೆ ಕಡೆಯಿಂದ ತರಿಸೋರು ಸಿಪ್ಪೆ ಸುಲಿದದ್ದನ್ನ ವಾರ ಮುಂಚೆ ತಂದಿಡಬೇಡಿ, ಜುಟ್ಟು ಇರಲಿ. ಬೋಳು ಕಾಯಿಯ ಕಣ್ಣು ಬೇಗ ಕೊಳೆಯುತ್ತೆ.

ಮೇಜಿನ ಮೇಲೆ ಹಾಸೋ ಪ್ಲಾಸ್ಟಿಕ್ ಹಾಳೆ, ಥರ್ಮಾಕೋಲ್ ತಟ್ಟೆ ಇವೆಲ್ಲ 2016ರಿಂದಲೇ ರಾಜ್ಯದಲ್ಲಿ ನಿಷೇಧ. ಪೇಪರ್ ರೋಲ್ ತನ್ನಿ.

ತಂಗಿಮದುವೆ
ಶುಕ್ರವಾರ ಬೆಳಗಿನ ತಿಂಡಿಗೆ 60 ಜನ ಇರ್ತಾರೆ. ಅಮ್ಮ ಅಕ್ಕಿರೊಟ್ಟಿ ಅಂತಿದ್ದಾರೆ. ಕಾಫಿಗೆ ಎಷ್ಟು ಪುಡಿ?

ಅಡುಗೆಲೆಕ್ಕ
ಅಮ್ಮನಿಗೆ ಹೇಳಿ, ರೊಟ್ಟಿ ಬೇಡ. 60 ಜನಕ್ಕೆ ತಲಾ ಎರಡು ಅಂದರೆ 120 ರೊಟ್ಟಿ, ಒಂದಕ್ಕೆ ಮೂರು ನಿಮಿಷ, ಎರಡು ಹಂಚಿಟ್ಟರೂ ಮೂರು ಗಂಟೆ. ಆರಿದ ರೊಟ್ಟಿ ಚರ್ಮದ ಹಾಗೆ. ಕಡುಬು ಮಾಡಿ. ಅಕ್ಕಿ ತರಿ 4 ಕೆಜಿ, ನೀರು 9 ಲೀಟರ್, ಉಪ್ಪು. ನೀರು ಕುದಿಯುವಾಗ ತರಿ ಸುರಿದು, ಗಂಟು ಬೀಳದ ಹಾಗೆ ತಿರುವಿ, ನೀರು ಹೀರಿ ಮುದ್ದೆಯಾದ ಮೇಲೆ ಇಳಿಸಿ. ಕೈ ಒದ್ದೆ ಮಾಡಿಕೊಂಡು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು. ಆರಿದ ಮೇಲೆ ಕಟ್ಟಿದರೆ ಬಿರುಕು ಬಿಟ್ಟು ಹಬೆಯಲ್ಲಿ ಒಡೆಯುತ್ತೆ. 25 ನಿಮಿಷ ಹಬೆ. 60 ಗ್ರಾಮಿನ ಉಂಡೆ 200 ಆಗುತ್ತೆ, ತಲಾ ಮೂರು. ಜೊತೆಗೆ ಕಾಯಿಚಟ್ನಿ, ಹಿಂದಿನ ದಿನದ ಕಾಳು ಸಾರು ಇದ್ದರೆ ಇನ್ನೂ ಚೆನ್ನ. ಹಬೆ ಪಾತ್ರೆ ಸಾಲದಿದ್ದರೆ ಪಕ್ಕದ ಮನೆಗಳಿಂದ ಎರಡು ತನ್ನಿ, ಮಲೆನಾಡಲ್ಲಿ ಅದಿಲ್ಲದ ಮನೆ ಇಲ್ಲ.

ಕಾಫಿ: 120 ಮಿಲಿ ಲೋಟಕ್ಕೆ 8 ಗ್ರಾಮ್ ಪುಡಿ. ಇಡೀ ದಿನಕ್ಕೆ 360 ಲೋಟ ಅಂತ ಹಿಡಿದರೆ 3 ಕೆಜಿ ಹತ್ತಿರ, ಹಾಲು 28 ಲೀಟರ್. ಒಂದೇ ಸಲ ಡಿಕಾಕ್ಷನ್ ತೆಗೆದು ಇಡಬೇಡಿ, ಎರಡು ಗಂಟೆಗೊಮ್ಮೆ ಹೊಸದು. ಬೆರೆಸಿದ ಕಾಫಿಯನ್ನ ಮತ್ತೆ ಕುದಿಸೋರಿಗೆ ಒಲೆ ಹತ್ತಿರ ಜಾಗ ಇಲ್ಲ ಅಂತ ಹೇಳಿ. ಬೆಲ್ಲದ ಕಾಫಿ ಕೇಳೋ ಹಿರಿಯರಿಗೆ ಬೆಲ್ಲದ ನೀರು ಬೇರೆ ಕಾಯಿಸಿಡಿ. ಕುದಿಯೋ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತೆ.

ಹಳದಿ ಕಲೆ
ಅರಿಶಿಣಕ್ಕೆ ಎಷ್ಟು ಬೇಕು ಅಂತ ಯಾರೂ ಹೇಳಿಲ್ಲ. ಶಾಸ್ತ್ರಕ್ಕೆ ಕುಟ್ಟಿದ್ದು 100 ಗ್ರಾಮ್ ಸಾಕು. ಸ್ನೇಹಿತರ ಎರಚಾಟಕ್ಕೆ ಅರ್ಧ ಕೆಜಿ ಪುಡಿ, ಅದಕ್ಕೆ ಎರಡು ಕೆಜಿ ಕಡಲೆಹಿಟ್ಟು. ಬರೀ ಪುಡಿ ಎರಚಿದರೆ ಕಣ್ಣಿಗೆ ಹೋಗುತ್ತೆ, ಕಲಸಿಯೇ ಕೊಡಿ. ಪುಡಿ ಪರೀಕ್ಷೆ ಸುಲಭ: ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಅಲ್ಲಾಡಿಸದೆ ಬಿಡಿ. ಒಳ್ಳೆಯದು ತಳಕ್ಕೆ ಕೂತು ನೀರು ತೆಳು ಹಳದಿ ಆಗುತ್ತೆ. ಬಣ್ಣ ಬೆರೆಸಿದ್ದಾದರೆ ನೀರೇ ಗಾಢ ಹಳದಿ. ಬೆರೆಸಿದ್ದು ಮುಖಕ್ಕೆ ಹೋದರೆ ಎರಡು ದಿನಕ್ಕೂ ಬಿಡಲ್ಲ.

ತೊಳೆಯೋವಾಗ ಬಟ್ಟೆ ಕೆಂಪಾಯ್ತು ಅಂತ ಹೆದರ್ತಾರೆ. ಸೋಪಿನ ಕ್ಷಾರಕ್ಕೆ ಅರಿಶಿಣ ಕೆಂಪಾಗುತ್ತೆ, ಆರತಿ ನೀರಿಗೆ ಸುಣ್ಣ ಹಾಕಿದಾಗ ಆಗೋದೂ ಅದೇ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿ. ಆ ಹಳದಿ ಹೋಗೋದು ಬಿಸಿಲಿಗೆ. ಒದ್ದೆ ಬಟ್ಟೆಯನ್ನೇ ಎರಡು ಮೂರು ದಿನ ಬಿಸಿಲಿಗೆ ಹರವಿ. ರೇಷ್ಮೆಗೆ ಈ ಉಪಾಯ ನಡೆಯಲ್ಲ, ಅದರ ಬಣ್ಣವೂ ಬಿಸಿಲಿಗೆ ಹೋಗುತ್ತೆ. ಆದ್ದರಿಂದ ಅರಿಶಿಣದ ಹೊತ್ತಿಗೆ ಎಲ್ಲರೂ ಹತ್ತಿ ಬಟ್ಟೆ. ಮುಖಕ್ಕೆ ಸೋಪು ಬೇಡ, ಹಾಲು ಕಡಲೆಹಿಟ್ಟಲ್ಲಿ ತೊಳೀಲಿ. ಬ್ಲೀಚು ಫೇಶಿಯಲ್ಲು ಮಾಡಿಸೋದಿದ್ದರೆ ವಾರ ಮುಂಚೆ ಮುಗಿಸಿ, ಹಿಂದಿನ ದಿನ ಮಾಡಿಸಿದ ಮುಖಕ್ಕೆ ಅರಿಶಿಣ ಉರಿಯುತ್ತೆ.

ನೀರುನಿಡಿ
ನೀರು! ಉಳಿಯೋ 30 ಜನಕ್ಕೆ ದಿನಕ್ಕೆ ತಲಾ 100 ಲೀಟರ್, ಅರಿಶಿಣದ ದಿನ ಅದಕ್ಕಿಂತ ಹೆಚ್ಚು. ಊಟಕ್ಕೆ ಬರೋರಿಗೆ, ಅಡುಗೆಗೆ, ಪಾತ್ರೆಗೆ 2000. ಗುರುವಾರ ಸಂಜೆಗೆ 5000 ಲೀಟರ್ ಟ್ಯಾಂಕರ್ ಹೇಳಿಡಿ. ಮೇನಲ್ಲಿ ತೋಟದ ಬಾವಿಯ ನೀರು ಕೆಳಗೆ ಹೋಗಿರುತ್ತೆ, ಮೋಟಾರ್ ಓಡಿಸ್ತಾನೇ ಇದ್ದರೆ ಸುಟ್ಟುಹೋಗುತ್ತೆ.

ತಂಗಿಮದುವೆ
ಮುಯ್ಯಿ ಚಪ್ಪರದ ದಿನವೂ ಕೊಡ್ತಾರಲ್ಲ, ಈಗೆಲ್ಲ ಫೋನಲ್ಲೇ ಹಾಕ್ತಾರೆ. ಪುಸ್ತಕ ಬೇಕಾ?

ಹಾಲುಕಂಬ
ಬೇಕು. ಮುಯ್ಯಿ ಅಂದರೆ ವಾಪಸ್ ಕೊಡೋ ಲೆಕ್ಕ. ಫೋನಲ್ಲಿ ಬರೋದು ಹೆಸರು ಮಾತ್ರ, ಊರು ಬರಲ್ಲ. ಅದೇ ಹೆಸರಿನವರು ನಾಲ್ಕು ಊರಲ್ಲಿ ಇರ್ತಾರೆ. ಒಬ್ಬರು ಎಣಿಸಿ ಹೇಳೋದು, ಇನ್ನೊಬ್ಬರು ಬರೆಯೋದು: ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಮೊತ್ತ. ಫೋನಲ್ಲಿ ಹಾಕಿದವರದ್ದನ್ನೂ ಅವರು ಎದುರಿಗಿರುವಾಗಲೇ ಕೇಳಿ ಬರೀಬೇಕು, ಪಕ್ಕದಲ್ಲಿ 'ಫೋ' ಅಂತ ಗುರುತು. ಸಿಗ್ನಲ್ ಇಲ್ಲದ ಕಣದಲ್ಲಿ ಹಾಕಿದ್ದು ಹೋಗಿರುತ್ತೋ ಇಲ್ಲವೋ, ಸಂಜೆ ತಾಳೆ ನೋಡಿ. ಸೀರೆ, ಪಾತ್ರೆ ಕೊಟ್ಟವರದ್ದಕ್ಕೆ ಕೊನೆಯ ಪುಟ. ಬರೆಯೋಕೆ ಕೂರಿಸೋದು ಊರಿನ ಎಲ್ಲರ ಮುಖ ಗೊತ್ತಿರೋ ಒಬ್ಬರನ್ನ. ಅಳಿಯಂದಿರನ್ನ ಕೂರಿಸಬೇಡಿ, ಪಾಪ, ಅವರಿಗೆ ಯಾರೂ ಗೊತ್ತಿರಲ್ಲ.

ತಂಗಿಮದುವೆ
ಎಲ್ಲ ಬರ್ಕೊಂಡೆ. ಮದರಂಗಿ ಗುರುವಾರ ಮಧ್ಯಾಹ್ನ 2ಕ್ಕೆ, ಬಳೆ ಶುಕ್ರವಾರ ಊಟಕ್ಕೆ ಮುಂಚೆ. ಕೊನೆಗೊಂದು, ಚಪ್ಪರ ಯಾವಾಗ ಬಿಚ್ಚೋದು? ಬಾಡಿಗೆ ಟಾರ್ಪಾಲಿನವರು ಸೋಮವಾರವೇ ಬೇಕು ಅಂತಿದ್ದಾರೆ.

ಕಣದಂಚು
ಟಾರ್ಪಾಲು, ಕುರ್ಚಿ, ಮೇಜು ಕೊಟ್ಟುಬಿಡಿ. ಗರಿ, ಅಡಿಕೆ ದಬ್ಬೆ ಇರಲಿ.

ಹಾಲುಕಂಬ
ಹೌದು, ಶಾಸ್ತ್ರದ ಲೆಕ್ಕ ಹಾಲುಕಂಬಕ್ಕೆ. ಮೂರನೇ ದಿನವೋ ಐದನೇ ದಿನವೋ, ನಿಮ್ಮ ಮನೆಯ ಪದ್ಧತಿ ಹೇಗೋ ಹಾಗೆ, ಪೂಜೆ ಮಾಡಿ ಕೀಳೋದು. ಬಸರಿ ಅಥವಾ ಆಲದ ಕೊಂಬೆ ಆಗಿದ್ದರೆ ಒಲೆಗೆ ಹಾಕಬೇಡಿ. ಜೂನ್ ಮಳೆ ಹಿಡಿಯೋವರೆಗೆ ಬುಡಕ್ಕೆ ಒದ್ದೆ ಗೋಣಿ ಸುತ್ತಿ ನೆರಳಲ್ಲಿಟ್ಟು, ತೋಟದ ಬೇಲಿ ಮೂಲೆಯಲ್ಲಿ ಎರಡಡಿ ಗುಂಡಿ ತೋಡಿ ನೆಡಿ. ಬುಡ ಯಾವುದು ತುದಿ ಯಾವುದು ಅಂತ ಕೀಳುವಾಗಲೇ ಗುರುತು ಮಾಡಿಕೊಳ್ಳಿ, ಅರಿಶಿಣ ಬಳಿದ ಮೇಲೆ ಎರಡೂ ಒಂದೇ ಥರ ಕಾಣುತ್ತೆ.